ಮೀನು ಎನಿಸಿಕೊಂಡವಳ ಇಸ್ಪೀಟಾಟ

ಕೈಗೆ ಒಳ್ಳೆಯ ಎಲೆ ಬಂದರೆ ನಾನು ಬಳೆ ಹಿಂದಕ್ಕೆ ಸರಿಸುತ್ತೇನೆ. ಎಡಗೈಯ ಬಳೆಗಳನ್ನು ಮೊಣಕೈ ಕಡೆಗೆ ಒಮ್ಮೆ ತಳ್ಳುತ್ತೇನೆ. ಅವು ಝಣಕ್ಕೆಂದು ಜಾರಿ ಮತ್ತೆ ಮಣಿಕಟ್ಟಿಗೆ ಬರುತ್ತವೆ. ಹೀಗೊಂದು ಅಭ್ಯಾಸ ನನಗಿದೆ ಎನ್ನುವುದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಅದಕ್ಕೂ ಮೊದಲೇ ಅದು ನನ್ನ ಅಜ್ಜಿಗೆ, ಅವ್ವನಿಗೆ, ಚಿಗವ್ವಂದಿರಿಗೆ, ಅಕ್ಕ ಗಿರಿಜಾಳಿಗೆ, ಪಕ್ಕದ ಮನೆಯ ಮಾಸ್ತರರ ಹೆಂಡತಿಗೆ, ಒಟ್ಟಿನಲ್ಲಿ ನನ್ನೆದುರು ಇಸ್ಪೀಟು ಹಿಡಿದು ಕೂತ ಸಮಸ್ತರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ನಷ್ಟ ಅವರದೇ ತಾನೆ?

ಗದಗಿನ ನಮ್ಮ ಮನೆಯಲ್ಲಿ ಪಂಚಮಿ ಎಂದರೆ ಬೆಳಿಗ್ಗೆ ಹುತ್ತಕ್ಕೆ ಹಾಲು, ಆಮೇಲೆ ಬೇವಿನ ಮರದ ಜೋಕಾಲಿ, ಊಟವಾದ ಮೇಲೆ ಹೆಂಗಸರ ಇಸ್ಪೀಟು. ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯ, ಕಣ್ಣು ಕಟ್ಟಿಕೊಂಡು ನಡೆಯುವ ಪಂದ್ಯ ಎಂದು ಊರಾಚೆ ಹೋಗಿರುತ್ತಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ನಡುವೆ ಶೇಂಗಾ ಉಂಡಿಯ ಡಬ್ಬಿ ಇಟ್ಟು ಅಜ್ಜಿ ಎಲೆ ಹಂಚುತ್ತಿದ್ದಳು. ಆಡುತ್ತಿದ್ದುದು ಮೂರೆಲೆ, ಪಣಕ್ಕೆ ಹುಣಸೆ ಬೀಜ. ಆಟಕ್ಕಿಂತ ಮಾತೇ ಹೆಚ್ಚು. ಯಾರ ಸೊಸೆ ಯಾವ ಸೀರೆ ಉಟ್ಟಿದ್ದಳು, ಯಾರ ಹೋಳಿಗೆ ಹರಿದುಹೋಯಿತು, ಮಾಸ್ತರರು ಶಾಲೆಯಲ್ಲಿ ಗದರಿಸುವಷ್ಟು ಮನೆಯಲ್ಲಿ ಯಾಕೆ ಗದರಿಸುವುದಿಲ್ಲ, ಎಲ್ಲ ಅಲ್ಲೇ ಇತ್ಯರ್ಥ. ಸೋತವರನ್ನು ಎಲ್ಲರೂ ಸೇರಿ ಅಣಕಿಸಬೇಕು. ಅಣಕಿಸಿದ ಮೇಲೆ ಅವರ ಕೈಗೆ ಒಂದು ಉಂಡಿ ಕೊಡಬೇಕು. ನನಗೆ ಪಂಚಮಿಯ ಮಾರನೆಯ ದಿನ ಹೊಟ್ಟೆ ಕೆಡುತ್ತಿತ್ತು ಎಂದರೆ ನಾನು ಎಂಥ ಆಟಗಾರ್ತಿ ಎಂದು ನೀವೇ ಊಹಿಸಿಕೊಳ್ಳಿ.

ಗಿರಿಜಕ್ಕನ ಕತೆ ಬೇರೆ. ಅವಳ ಮುಖ ನೋಡಿದರೆ ಎಕ್ಕ ಬಂದಿದೆಯೋ ಜ್ವರ ಬಂದಿದೆಯೋ ತಿಳಿಯುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಗುಡ್ಡೆ ಹುಣಸೆ ಬೀಜ ಮುಂದೆ ದೂಡಿ ಎಲ್ಲರನ್ನೂ ಹೆದರಿಸಿ ಗೆಲ್ಲುವಳು. ಗೆದ್ದ ಮೇಲೆ ಸುಮ್ಮನಿರಬಹುದಲ್ಲ? ಇಲ್ಲ, ತನ್ನ ಕೆಲಸಕ್ಕೆ ಬಾರದ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ಎಲ್ಲರಿಗೂ ತೋರಿಸುವಳು. ಚಿಗವ್ವಂದಿರು ಹೊಟ್ಟೆ ಉರಿದುಕೊಂಡು ಮುಂದಿನ ಸಲ ಇವಳನ್ನು ಬಿಡುವುದಿಲ್ಲ ಎಂದು ಹಟಕ್ಕೆ ಬೀಳುವರು. ಆ ಮುಂದಿನ ಸಲ ಅವಳ ಕೈಯಲ್ಲಿ ನಿಜವಾಗಿಯೂ ಮೂರು ರಾಜರು ಇರುತ್ತಿದ್ದರು.

ಈಗ ಅಕ್ಕ ಚಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನಲ್ಲಿದ್ದಾಳೆ. ಒಂದು ದೊಡ್ಡ ವೇರ್‌ಹೌಸಿನಲ್ಲಿ ಯಾವ ಟ್ರಕ್ಕು ಯಾವ ಬಾಗಿಲಿಗೆ ಬರಬೇಕು, ಯಾವಾಗ ಹೊರಡಬೇಕು ಎಂದು ನೋಡಿಕೊಳ್ಳುತ್ತಾಳೆ. ಡ್ರೈವರುಗಳು ಅವಳಿಗೆ ಹೆದರುತ್ತಾರೆ. ನಾನು ನಡುವಿನ ಮಿಶಿಗನ್ ಸರೋವರದ ಈಚೆ, ಅದೇ ಹೆಸರಿನ ರಾಜ್ಯವಾದ ಮಿಶಿಗನ್‌ನಲ್ಲಿ ಹಲ್ಲಿನ ಡಾಕ್ಟರು. ನಮ್ಮವರು ಮೈಸೂರಿನವರು, ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುವ ಎಂಜಿನಿಯರು. ಮನೆಯಲ್ಲೂ ಅದೇ ಕೆಲಸ. ನಾನು ಏನು ಹೊಸದು ಶುರು ಮಾಡಿದರೂ ಮೊದಲು ಬ್ರೇಕ್ ಹಾಕುವವರು ಅವರೇ.

ನಮ್ಮ ರಾಜ್ಯದಲ್ಲಿ ಫೋನಿನಲ್ಲಿ ಪೋಕರ್ ಆಡುವುದಕ್ಕೆ ಲೈಸೆನ್ಸ್ ಕೊಟ್ಟಾಗಲೂ ಹೀಗೇ ಆಯಿತು. ಗುರುತಿನ ಚೀಟಿ ಕೊಟ್ಟು ಹೆಸರು ನೋಂದಾಯಿಸಬೇಕು, ವಾರಕ್ಕೆ ಇಷ್ಟೇ ಎಂದು ಮೊದಲೇ ಮಿತಿ ಹಾಕಿಕೊಳ್ಳಬಹುದು, ಏನಾದರೂ ಎಡವಟ್ಟಾದರೆ ಕೇಳುವುದಕ್ಕೆ ಸರ್ಕಾರದವರಿದ್ದಾರೆ. ಆಡುವಾಗ ನೀವು ರಾಜ್ಯದ ಗಡಿಯೊಳಗೇ ಇರಬೇಕು, ಅದನ್ನು ಫೋನೇ ನೋಡಿಕೊಳ್ಳುತ್ತದೆ. ಅಕ್ಕನ ಇಲಿನಾಯ್‌ನಲ್ಲಿ ಈ ವ್ಯವಸ್ಥೆ ಇಲ್ಲ. ಹಾಗಾಗಿ ಇಡೀ ಜೀವನದಲ್ಲಿ ಮೊದಲ ಬಾರಿಗೆ ಅವಳಿಗಿಲ್ಲದ ಒಂದು ಭಾಗ್ಯ ನನಗೆ ಸಿಕ್ಕಿತ್ತು.

"ಶೈಲಾ, ಪಂಚಮೀಲಿ ಸೋತಿದ್ದು ಸಾಲ್ದಾ ನಿಂಗೆ?" ಅಂದರು ಇವರು.

"ಅಲ್ಲಿ ಬಳೆ ಕಾಣ್ತಿತ್ತು. ಫೋನಿನಾಗ ಯಾರಿಗೆ ಕಾಣ್ತದ್ರೀ?" ಅಂದೆ.

ನನ್ನ ಲೆಕ್ಕಾಚಾರ ಅದೇ ಆಗಿತ್ತು. ಬಳೆ ಸರಿಸಲಿ, ಕುಣಿಯಲಿ, ಎದುರಿನವರಿಗೆ ಕಾಣುವುದು ನನ್ನ ಹೆಸರೊಂದೇ. ಆ ಹೆಸರನ್ನೂ 'ಶೇಂಗಾ ಉಂಡಿ' ಎಂದು ಇಟ್ಟುಕೊಂಡೆ. ಒಂದು ಸಿನಿಮಾ ಟಿಕೆಟ್ಟಿನಷ್ಟು ಮಿತಿ ಹಾಕಿಕೊಂಡು, ಕ್ಲಿನಿಕ್ ಇಲ್ಲದ ಶನಿವಾರ ಮಧ್ಯಾಹ್ನ ಚಹಾ ಮುಂದಿಟ್ಟುಕೊಂಡು ಆಡತೊಡಗಿದೆ. ಪೋಕರ್ ಎಂದರೆ ನಮ್ಮ ಮೂರೆಲೆಯ ದೊಡ್ಡಣ್ಣ. ನಿಮ್ಮ ಕೈಯಲ್ಲಿ ಎರಡು ಎಲೆ, ಟೇಬಲ್ಲಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನಿಮ್ಮದು ದೊಡ್ಡದೆಂದು ತೋರಿಸಬೇಕು, ಇಲ್ಲವೇ ನಂಬಿಸಬೇಕು.

ಕೆಲವು ವಾರ ಕಳೆಯುವಷ್ಟರಲ್ಲಿ ನನಗೊಂದು ವಿಷಯ ಕಂಡು ಬಹಳ ಸಂತೋಷವಾಯಿತು. ನಾನು ಯಾವ ಟೇಬಲ್ಲಿಗೆ ಹೋಗಿ ಕೂತರೂ ಕೂತ ಕೂಡಲೇ ಅದೇ ಕೆಲವರು ಓಡೋಡಿ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ನಾನು ಎದ್ದರೆ ಅವರೂ ಎದ್ದು ಹೋಗುತ್ತಿದ್ದರು. ನನ್ನ ಜೊತೆ ಆಡುವುದೆಂದರೆ ಇವರಿಗೆ ಎಷ್ಟು ಪ್ರೀತಿ! ಪಾಪ, ಮಾತಾಡುವುದಕ್ಕೆ ನಾಚಿಕೆಯೇನೋ ಎಂದುಕೊಂಡು ನಾನೇ ಹಲೋ ಎಂದು ಟೈಪು ಮಾಡುತ್ತಿದ್ದೆ. ಉತ್ತರವಿಲ್ಲ. ಹ್ಯಾಪಿ ದೀಪಾವಳಿ ಎಂದೆ. ಅದಕ್ಕೂ ಉತ್ತರವಿಲ್ಲ.

ಈ ಗೆಳೆತನದ ಬಗ್ಗೆ ಮಗಳು ಪೂರ್ವಿಗೆ ಹೆಮ್ಮೆಯಿಂದ ಹೇಳಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಆಗಿನ್ನೂ ಆನ್ ಆರ್ಬರ್‌ನಲ್ಲಿ ಓದುತ್ತಿದ್ದಳು. ನನ್ನ ಫೋನು ಇಸಿದುಕೊಂಡು ನೋಡಿದಳು. ಅವಳ ಮುಖ ನಿಧಾನವಾಗಿ ಬದಲಾಯಿತು.

"ಅಮ್ಮಾ, ದೇ ಆರ್ ನಾಟ್ ಯುವರ್ ಫ್ರೆಂಡ್ಸ್. ಅವ್ರು ನಿನ್ನ ಹಂಟ್ ಮಾಡ್ತಿದಾರೆ."

"ಹಂಟ್ ಅಂದ್ರ?"

"ಬೇಟೆ. ಅವ್ರ ಹತ್ರ ಸಾಫ್ಟ್‌ವೇರ್ ಇರತ್ತೆ. ನೀನು ಆಡಿದ್ ಪ್ರತಿ ಆಟ ಅದ್ರಲ್ಲಿ ಸೇವ್ ಆಗತ್ತೆ. ಚೆನ್ನಾಗಿರೋ ಕಾರ್ಡ್ಸ್ ಬಂದ್ರೆ ನೀನು ತುಂಬಾ ಯೋಚ್ನೆ ಮಾಡ್ತೀಯ, ಕೆಟ್ಟದಿದ್ರೆ ಬೇಗ ಆಡ್ತೀಯ. ಅವ್ರಿಗೆ ಎಲ್ಲಾ ಗೊತ್ತು. ನಿನ್ನಂಥವ್ರನ್ನ ಅವ್ರು ಫಿಶ್ ಅಂತಾರೆ."

ಮೀನು! ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆತನದ ಹೆಣ್ಣುಮಗಳು ನಾನು. ಗದಗಿನ ಚಿಗವ್ವಂದಿರು ನನ್ನ ಬಳೆ ನೋಡಿ ಗೆಲ್ಲುತ್ತಿದ್ದುದು ನಿಜ, ಆದರೆ ಅವರು ಗೆದ್ದ ಮೇಲೆ ಉಂಡಿ ಕೊಡುತ್ತಿದ್ದರು. ಅವತ್ತೇ ಆ ಆಪ್ ತೆಗೆದುಹಾಕಿದೆ. ನಾನು ಮೊದಲೇ ಹೇಳಿದ್ದೆ ಎಂದು ಇವರ ಮುಖದ ಮೇಲೆ ಬರೆದಿತ್ತು. ಅದರ ಸೇಡಿಗೆ ಆ ವಾರವೆಲ್ಲ ಅವರಿಗೆ ಇಷ್ಟವಿಲ್ಲದ ಹಾಗಲಕಾಯಿ ಪಲ್ಯ ಮಾಡಿದೆ.

ಪೂರ್ವಿ ಓದು ಮುಗಿಸಿ ಡೆಟ್ರಾಯಿಟ್ ಡೌನ್‌ಟೌನಿನ ಒಂದು ಕಂಪನಿಗೆ ಸೇರಿದಳು. ಎಲ್ಲಿ ಬಿಟ್ಟರೂ ಅಲ್ಲಿಗೇ ಬಂದಂತೆ, ಅದೂ ಆನ್‌ಲೈನ್ ಆಟಗಳಿಗೆ ಲೈಸೆನ್ಸ್ ಪಡೆದ ಕಂಪನಿ. ನಾನು ಆಡುತ್ತಿದ್ದುದಲ್ಲ, ಇನ್ನೊಂದು. ಒಂದು ಭಾನುವಾರ ಊಟಕ್ಕೆ ಬಂದವಳು ರೊಟ್ಟಿ ಮುರಿಯದೆ ಕೂತಳು. ಬದನೆಕಾಯಿ ಎಣಗಾಯಿ ಮುಂದಿಟ್ಟರೂ ಕೈ ಹಾಕಲಿಲ್ಲವೆಂದರೆ ವಿಷಯ ದೊಡ್ಡದೇ ಇರಬೇಕು.

"ನಮ್ಮ ಪೋಕರ್ ರೂಮ್ ಕ್ಲೋಸ್ ಮಾಡ್ತಾರಂತೆ" ಅಂದಳು.

ಸುಮ್ಮನೆ ಖುಷಿಗೆ ಆಡುವವರೆಲ್ಲ ಬಿಟ್ಟುಹೋಗಿದ್ದಾರೆ. ಉಳಿದಿರುವವರು ಬೇಟೆಗಾರರು ಮಾತ್ರ. ಬೇಟೆಗಾರರು ಒಬ್ಬರನ್ನೊಬ್ಬರು ನೋಡುತ್ತ ಎಷ್ಟು ಹೊತ್ತು ಕೂತಾರು? ಬಿಟ್ಟುಹೋದವರಲ್ಲಿ ಕೆಲವರು ಎಲ್ಲಿಂದಲೋ ನಡೆಸುವ ಲೈಸೆನ್ಸ್ ಇಲ್ಲದ ಸೈಟುಗಳಿಗೆ ಹೋಗಿದ್ದಾರೆ. ಅಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಸೈಟೇ ಇರುವುದಿಲ್ಲ, ಕೇಳುವವರೂ ಇಲ್ಲ. ಪೂರ್ವಿಯ ಮೇಲಧಿಕಾರಿ ಬ್ರೆಂಟ್ ಎಂಬವನು ವಸಂತ ಮುಗಿಯುವವರೆಗೆ ಗಡುವು ಕೊಟ್ಟಿದ್ದಾನೆ. ಜನ ಮರಳಿದರೆ ಸರಿ, ಇಲ್ಲವೆಂದರೆ ಆ ಜಾಗದಲ್ಲಿ ಗುಂಡಿ ಒತ್ತಿದರೆ ಚಕ್ರ ತಿರುಗುವ ಸ್ಲಾಟ್ ಆಟ ಬರುತ್ತದೆ, ಪೂರ್ವಿಯ ತಂಡ ಚದುರಿಹೋಗುತ್ತದೆ.

"ಅಮ್ಮಾ, ಸೀರಿಯಸ್ ಆಗಿ ಕೇಳ್ತಿದೀನಿ. ನೀನ್ಯಾಕೆ ಬಿಟ್ಟೆ? ಸೋತೆ ಅಂತಾನಾ?"

"ಸೋತದ್ದಕ್ಕಲ್ಲ. ನಾ ಹುಟ್ಟಿದಾಗಿಂದ ಸೋತೀನಿ. ಸೋತಾಗ ಒಬ್ರೂ ಒಂದು ಮಾತೂ ಆಡ್ಲಿಲ್ಲ ನೋಡು, ಅದಕ್ಕ."

ಇವರು ಎದ್ದು ಹೋಗಿ ನೀರು ತಂದಿಟ್ಟರು. ಪೂರ್ವಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ರೊಟ್ಟಿ ಮುರಿದಳು.

ಮುಂದಿನ ವಾರವೇ ನನ್ನನ್ನು ಅವಳ ಆಫೀಸಿಗೆ ಕರೆದಳು. ಬ್ರೆಂಟನ ಮುಂದೆ, ಆಟ ಬಿಟ್ಟುಹೋದ ಗ್ರಾಹಕರ ಪ್ರತಿನಿಧಿಯಾಗಿ. ಜೀವನದಲ್ಲಿ ನನ್ನ ಸೋಲನ್ನು ಒಂದು ಅರ್ಹತೆ ಎಂದು ಪರಿಗಣಿಸಿದ್ದು ಅದೇ ಮೊದಲು. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ.

ಬ್ರೆಂಟ್ ನಾಲ್ವತ್ತರ ಆಸುಪಾಸಿನವನು. ಹಿಂದೆ ಅವನೂ ಪೋಕರ್ ಆಡಿಯೇ ಜೀವನ ಮಾಡಿದವನಂತೆ, ಅಂದರೆ ಬೇಟೆಗಾರನೇ. ಒಳ್ಳೆಯವನು, ಆದರೆ ನನ್ನ ಮಾತು ಕೇಳುವಾಗ ಮುಖ ಹಿಂಡಿಕೊಂಡಿದ್ದ. ನಾನು ಪಂಚಮಿಯ ಕತೆ ಹೇಳಿದೆ. ಸೋತವರಿಗೆ ಸಿಹಿ ಕಳಿಸಿ ಅಂದೆ. ಮುಖ ಇನ್ನಷ್ಟು ಹಿಂಡಿದ. ಟೇಬಲ್ಲಿನಲ್ಲಿ ಹಾಡು ಹಾಕಿ ಅಂದೆ. ಕಣ್ಣು ಮುಚ್ಚಿದ. ಪೂರ್ವಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕೊನೆಗೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ:

"ನಿಮ್ಮ ಕೆಳಗಿನ ದವಡೆ, ಬಲಗಡೆ ಹಲ್ಲು ನೋಯುತ್ತಿದೆಯಾ?"

ಅವನು ಬೆಚ್ಚಿಬಿದ್ದ. ಹೌದಂತೆ. ಹಲ್ಲಿನ ಡಾಕ್ಟರೆಂದರೆ ಹೆದರಿಕೆ, ಅದಕ್ಕೇ ಹೋಗಿಲ್ಲವಂತೆ. ಬಿಸಿ ಕಾಫಿಯನ್ನು ಎಡಗಡೆಯಿಂದಲೇ ಕುಡಿಯುತ್ತಿದ್ದೀರಲ್ಲ, ನೋಡಿದೆ, ನಾಳೆ ಬನ್ನಿ, ನೋಯಿಸುವುದಿಲ್ಲ ಅಂದೆ. ಹೆದರಿಕೆಯನ್ನು ಹೇಳಿಕೊಂಡ ಮೇಲೆ ಮನುಷ್ಯ ಮೆತ್ತಗಾಗುತ್ತಾನೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಸರಿ, ನಿಮ್ಮ ಅಜ್ಜಿಯ ಮನೆಯಲ್ಲಿ ಯಾರು ಯಾರ ಎದುರು ಕೂರಬೇಕು ಎಂದು ಹೇಗೆ ತೀರ್ಮಾನ ಮಾಡುತ್ತಿದ್ದಿರಿ?" ಎಂದು ಕೇಳಿದ.

ಚೀಟಿ ಎತ್ತುತ್ತಿದ್ದೆವು ಅಂದೆ. ಇಲ್ಲವೆಂದರೆ ನನ್ನೆದುರಿನ ಜಾಗಕ್ಕೆ ಚಿಗವ್ವಂದಿರು ಜಗಳಾಡುತ್ತಿದ್ದರು.

ಬ್ರೆಂಟ್ ಪೂರ್ವಿಯ ಕಡೆ ತಿರುಗಿದ. ಅವಳಾಗಲೇ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ನನ್ನ ಸಿಹಿ, ನನ್ನ ಹಾಡು ಅಲ್ಲಿ ಇರಲಿಲ್ಲ. ಚೀಟಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅವಳದೇ ಬುದ್ಧಿ. ಭಾನುವಾರ ಮಧ್ಯಾಹ್ನ ಮಾತ್ರ ನಡೆಯುವ ಒಂದು ಆಟ. ಒಬ್ಬರಿಗೆ ಒಂದೇ ಜಾಗ. ಎಲ್ಲಿ ಕೂರಬೇಕೆಂದು ಆರಿಸಿಕೊಳ್ಳುವ ಹಾಗಿಲ್ಲ, ಕಂಪ್ಯೂಟರೇ ಕೂರಿಸುತ್ತದೆ. ನಿಜವಾದ ಹೆಸರು, ಹಳೆಯ ಹೆಸರು ಯಾರಿಗೂ ಕಾಣುವುದಿಲ್ಲ; ಪ್ರತಿ ವಾರ ಹೊಸದೊಂದು ಹೆಸರು. ಬೇಟೆಗಾರನ ಸಾಫ್ಟ್‌ವೇರು ಬಂದರೆ ಅದರ ಮುಂದೆ ಎಲ್ಲರೂ ಅಪರಿಚಿತರೇ. ಪ್ರವೇಶ ಸಣ್ಣದು, ಸೋತರೆ ಅಷ್ಟೇ, ಮತ್ತೆ ಮತ್ತೆ ಸುರಿಯುವ ಹಾಗಿಲ್ಲ. ಸಂಜೆಗೆ ಬಾಗಿಲು ಮುಚ್ಚುತ್ತದೆ. ಮತ್ತು ಮಾತು. ಟೇಬಲ್ಲಿನ ಪಕ್ಕದಲ್ಲೇ ದೊಡ್ಡದಾಗಿ ಕಾಣುವಂತೆ ಮಾತಾಡುವ ಜಾಗ.

ಹೆಸರುಗಳಿಗೆ ಬ್ರೆಂಟ್ ಮಿಶಿಗನ್‌ನ ಗಿಡಮರ, ಹಕ್ಕಿ, ಹೊಳೆಯ ಮೀನುಗಳನ್ನು ಸೂಚಿಸಿದ.

"ಮೀನು ಮಾತ್ರ ಬೇಡ" ಅಂದೆ. ಈ ಒಂದು ವಿಷಯದಲ್ಲಿ ನನ್ನ ಮಾತು ನಡೆಯಿತು.

ಬಿಟ್ಟುಹೋದವರಿಗೆ ಪೂರ್ವಿಯೇ ಫೋನು ಮಾಡಿದಳು. ತಮಗೆ ಈ ಆಟ ಒಳ್ಳೆಯದಲ್ಲ, ಮತ್ತೆ ಕರೆಯಬೇಡಿ ಎಂದು ತಾವಾಗಿ ಹೇಳಿ ಹೋದವರನ್ನು ಮುಟ್ಟುವ ಹಾಗೇ ಇಲ್ಲ. ಕಾನೂನೂ ಬಿಡುವುದಿಲ್ಲ, ಅವಳೂ ಬಿಡುತ್ತಿರಲಿಲ್ಲ. ಉಳಿದವರಲ್ಲಿ ಬಹಳ ಜನ ಫೋನು ಇಟ್ಟುಬಿಟ್ಟರು. ಇಡದವರಲ್ಲಿ ಪಾಂಟಿಯಾಕ್‌ನ ವಾಲ್ಟರ್ ಒಬ್ಬರು. ಕಾರ್ ಫ್ಯಾಕ್ಟರಿಯಿಂದ ರಿಟೈರಾದ ಅಜ್ಜ. ಅವಳು ಅರ್ಧ ಹೇಳುವುದರೊಳಗೆ ಅವರು, "ಅಲ್ಲಿ ಮಾತಾಡಬಹುದಾ? ಹಿಂದೆ ಆಡುವಾಗ ಸ್ಮಶಾನದಲ್ಲಿ ಕೂತ ಹಾಗಿತ್ತು" ಎಂದು ಕೇಳಿದರಂತೆ. ಅವಳು ಅದನ್ನು ಫೋನಿನಲ್ಲಿ ನನಗೆ ಹೇಳುವಾಗ ಅವಳ ಧ್ವನಿಯೇ ಬೇರೆಯಾಗಿತ್ತು.

ನನಗೆ ಮಾತ್ರ ಆ ಟೇಬಲ್ಲಿನಲ್ಲಿ ಜಾಗವಿಲ್ಲ. ಕಂಪನಿಯಲ್ಲಿ ಕೆಲಸ ಮಾಡುವವರ ತಂದೆತಾಯಿ ಆಡುವಂತಿಲ್ಲ ಎಂಬುದು ಅವರ ನಿಯಮ. ದೊಡ್ಡವ್ವ ಆಡಬಹುದಾ ಎಂದು ಪೂರ್ವಿ ಅವರ ವಕೀಲರನ್ನು ಕೇಳಿದಳು. ಬೇರೆ ಮನೆ, ಬೇರೆ ರಾಜ್ಯ, ಅಡ್ಡಿಯಿಲ್ಲ, ಆದರೆ ಆಡುವಾಗ ಮಿಶಿಗನ್‌ನಲ್ಲಿ ಇರಬೇಕು ಅಂದರು. ಅಕ್ಕನಿಗೆ ಹೇಳಿದೆ.

"ಅದೇನು ದೊಡ್ಡ ಮಾತು? ಇಂಡಿಯಾನಾ ದಾಟಿದ್ರ ಮಿಶಿಗನ್" ಅಂದಳು. "ನನ್ನ ಟ್ರಕ್‌ಗಳು ದಿನಾ ಹೋಗ್ತಾವ. ನಾ ಒಬ್ಬಾಕಿ ಹೋಗಾಕ ಆಗಂಗಿಲ್ಲೇನು?"

ಮೊದಲ ಭಾನುವಾರ ಬಂತು. ಮಾರ್ಚ್ ತಿಂಗಳು, ಚಿಕಾಗೋ ಕಡೆ ಬಿಸಿಲು, ಸರೋವರದ ಈಚೆ ದಡದಲ್ಲಿ ಹಿಮ. ಆಟ ಮೂರು ಗಂಟೆಗೆ. ಪೂರ್ವಿ ಆಫೀಸಿನಲ್ಲಿದ್ದಳು. ಹೊರಗಿನವರು ಆಟ ನೋಡಲು ಅವಕಾಶವಿತ್ತು. ನಾನು ಇವರ ಲ್ಯಾಪ್‌ಟಾಪ್ ಮುಂದೆ ಕೂತೆ. ಇವರು ತಮಗೆ ಸಂಬಂಧವಿಲ್ಲವೆಂಬಂತೆ ಪಕ್ಕದ ಸೋಫಾದಲ್ಲಿ ಪೇಪರು ಹಿಡಿದಿದ್ದರು, ಒಂದೇ ಪುಟ ಬಹಳ ಹೊತ್ತಿನಿಂದ. ಮೂರಕ್ಕೆ ಸ್ವಲ್ಪ ಮೊದಲು ನೋಡಿದರೆ ಒಂದೇ ಟೇಬಲ್ಲು, ಅದರಲ್ಲೂ ಅರ್ಧ ಖಾಲಿ. ಪೂರ್ವಿಗೆ ಫೋನು ಮಾಡಲು ಧೈರ್ಯವಾಗಲಿಲ್ಲ. ಅಕ್ಕನಿಗೆ ಮಾಡಿದೆ.

"ಎಲ್ಲಿದೀಯವ್ವಾ?"

"ಇಂಡಿಯಾನಾದಾಗ. ಜ್ವಾಳದ ವಡಿ ತಿನ್ನಾಕತ್ತೀವಿ. ಗೆಳತ್ಯಾರೂ ಬಂದಾರ. ಇನ್ನೂ ಒಂದು ತಾಸ್ ಐತಲ್ಲ."

"ಅಕ್ಕಾ! ನಿಮ್ಮಲ್ಲಿ ಎರಡು, ಇಲ್ಲಿ ಮೂರು! ಇಲ್ಲಿ ಗಡಿಯಾರ ಒಂದು ತಾಸು ಮುಂದ ಐತಿ!"

ಚಿಕಾಗೋ ಸುತ್ತಲಿನ ಟ್ರಕ್ಕುಗಳಿಗೆಲ್ಲ ಹೊತ್ತು ಹೇಳುವವಳು ಗಡಿಯಾರ ಮರೆತಿದ್ದಳು. ಆಮೇಲೆ ವ್ಯಾನಿನಲ್ಲಿ ಹೆಂಗಸರೆಲ್ಲ ಒಮ್ಮೆಗೇ ಕೂಗಿದ್ದು ಕೇಳಿಸಿತು, ಅಕ್ಕನ ಧ್ವನಿ ಅದರ ಮೇಲೆ: "ಎಲ್ಲಾರೂ ಬೆಲ್ಟ್ ಹಾಕ್ಕೊರ್ರಿ!"

"ನಿಧಾನಕ್ಕೆ ಬರಕ್ಕೆ ಹೇಳು, ಹಿಮ ಇದೆ. ಬ್ರೇಕ್ ಒಮ್ಮೆಗೇ ಒತ್ಬಾರ್ದು" ಅಂದರು ಇವರು ಪೇಪರಿನ ಹಿಂದಿನಿಂದ. "ತಡವಾಗಿ ಬಂದವ್ರಿಗೂ ಅರ್ಧ ಗಂಟೆ ಬಾಗಿಲು ತೆಗ್ದಿರತ್ತೆ. ಓದಿದೀನಿ ನಾನು."

ಓದಿದ್ದಾರೆ! ಬ್ರೇಕಿನ ಮನುಷ್ಯ ನಿಯಮಗಳನ್ನೆಲ್ಲ ಓದಿಕೊಂಡು ಕೂತಿದ್ದರು.

ಮೂರಾಯಿತು. ಎಲೆ ಹಂಚಿದರು. ಮಾತಾಡುವ ಜಾಗದಲ್ಲಿ ಮೊದಲು ಕಾಣಿಸಿಕೊಂಡದ್ದು 'ಓಕ್' ಎಂಬ ಹೆಸರು. "ಪಾಂಟಿಯಾಕಿನಿಂದ ನಮಸ್ಕಾರ. ನನ್ನ ಬೌಲಿಂಗ್ ಬಳಗದವರಿಗೆಲ್ಲ ಹೇಳಿದ್ದೇನೆ, ಬರುತ್ತಿದ್ದಾರೆ, ಅವರಿಗೆ ಪಾಸ್‌ವರ್ಡ್ ನೆನಪಿಲ್ಲ." ವಾಲ್ಟರ್! ಹೆಸರು ಅಡಗಿಸಿದರೂ ಅಜ್ಜ ಅಡಗಲಿಲ್ಲ. ಯಾರೋ ನಕ್ಕರು. ಇನ್ಯಾರೋ ಪಾಸ್‌ವರ್ಡಿನ ತಮ್ಮ ಗೋಳು ಹೇಳಿಕೊಂಡರು. ಪಾಸ್‌ವರ್ಡ್ ಸಿಕ್ಕವರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಎರಡನೆಯ ಟೇಬಲ್ಲು ತೆರೆಯಿತು. ಮೂರನೆಯದು ತೆರೆಯಿತು. ಗ್ರ್ಯಾಂಡ್ ರಾಪಿಡ್ಸ್‌ನ ನರ್ಸೊಬ್ಬಳು, ತಾನು ಆಡುವುದು ಬಿಟ್ಟು ಎಷ್ಟು ಕಾಲವಾಯಿತೆಂದರೆ ಯಾವುದು ದೊಡ್ಡದು ಎಂಬುದೇ ಮರೆತಿದೆ ಅಂದಳು. ಎದುರಾಳಿಗಳೇ ಅವಳಿಗೆ ಹೇಳಿಕೊಟ್ಟರು.

ಪೂರ್ವಿಯ ಫೋನು ಬಂತು. "ಅಮ್ಮಾ, ವೇಟಿಂಗ್ ಲಿಸ್ಟ್! ಅಮ್ಮಾ, ಜನ ವೇಟ್ ಮಾಡ್ತಿದಾರೆ!" ಎಂದು ಕೂಗಿ ಇಟ್ಟುಬಿಟ್ಟಳು.

ಅಷ್ಟರಲ್ಲಿ ಅಕ್ಕನ ವ್ಯಾನು ಗಡಿ ದಾಟಿ ನ್ಯೂ ಬಫೆಲೋದ ವೆಲ್ಕಂ ಸೆಂಟರಿಗೆ ಬಂದು ನಿಂತಿತ್ತು. ಪ್ರವಾಸಿಗರು ಕಾಲು ಚಾಚಿ, ಮ್ಯಾಪು ತೆಗೆದುಕೊಂಡು ಹೋಗುವ ಜಾಗ. ಮಿಶಿಗನ್‌ಗೆ ಸ್ವಾಗತ ಎಂಬ ಬೋರ್ಡಿನ ಕೆಳಗೇ ನಿಂತರೂ ಅವಳ ಫೋನು ಇನ್ನೂ ಇಂಡಿಯಾನಾ ಎನ್ನುತ್ತಿತ್ತಂತೆ. ಆಮೇಲೆ ಅದಕ್ಕೂ ಬುದ್ಧಿ ಬಂದು ಬಾಗಿಲು ಮುಚ್ಚುವ ಮೊದಲು ಒಳಗೆ ಬಿಟ್ಟಿತು. ಒಬ್ಬರ ಎಲೆ ಇನ್ನೊಬ್ಬರು ನೋಡಬಾರದೆಂದು ಅಕ್ಕ ಗೆಳತಿಯರನ್ನೆಲ್ಲ ಹಾಲಿನ ಒಂದೊಂದು ಮೂಲೆಗೆ ಅಟ್ಟಿ, ಗೋಡೆ ಕಡೆ ಮುಖ ಮಾಡಿ ಕೂರಿಸಿದಳು. ಸ್ವೆಟರ್ ಹಾಕಿಕೊಂಡ ಹೆಂಗಸರು ಗೋಡೆಗೆ ಮುಖ ಮಾಡಿ ಫೋನು ಹಿಡಿದು ಕೂತದ್ದನ್ನು ನೋಡಿ ಅಲ್ಲಿನ ಕೌಂಟರಿನವಳು ಇದು ಯಾವುದೋ ಪ್ರಾರ್ಥನೆ ಎಂದುಕೊಂಡು ರೇಡಿಯೋ ಸಣ್ಣ ಮಾಡಿದಳಂತೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಮುಂದೆ ಇದ್ದುದು ಮರಗಳ, ಹಕ್ಕಿಗಳ ಹೆಸರು ಮಾತ್ರ. ಇವರಲ್ಲಿ ನನ್ನ ಅಕ್ಕ ಯಾರು? ಆಟ ಮುಗಿಯುತ್ತ ಬಂದು ಒಂದೇ ಟೇಬಲ್ಲು ಉಳಿಯಿತು, ಕೊನೆಗೆ ಆ ಟೇಬಲ್ಲಿನಲ್ಲಿ ಇಬ್ಬರೇ: ಓಕ್ ಮತ್ತು 'ರಾಬಿನ್'. ರಾಬಿನ್ ಆಟದುದ್ದಕ್ಕೂ ಒಂದೇ ಒಂದು ಮಾತೂ ಆಡಿರಲಿಲ್ಲ. ಒಮ್ಮೆ ರಾಬಿನ್ ತನ್ನ ಮುಂದಿನ ಗುಡ್ಡೆಯಷ್ಟನ್ನೂ ನಡುವೆ ದೂಡಿತು. ಓಕ್ ಬಹಳ ಯೋಚಿಸಿ ಎಲೆ ಕೆಳಗಿಟ್ಟ. ಗೆದ್ದ ರಾಬಿನ್ ಸುಮ್ಮನಿರಬಹುದಿತ್ತು. ಇರಲಿಲ್ಲ. ತನ್ನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿತು. ಒಂದು ಎರಡು, ಒಂದು ಏಳು. ಕೆಲಸಕ್ಕೆ ಬಾರದ ಎಲೆ.

ನಾನು ಕುರ್ಚಿಯಿಂದ ಎದ್ದೆ. "ರೀ, ಇದು ಅಕ್ಕ!"

ಇವರು ಪೇಪರು ಬಿಸಾಕಿ ಬಂದರು. "ಹೇಗೆ ಹೇಳ್ತೀಯ?"

"ಈಗ ನೋಡ್ರಿ. ಮತ್ತ ದೂಡ್ತಾಳ. ಆ ಅಜ್ಜ ಈ ಸಲ ಬಿಡಂಗಿಲ್ಲ. ಈ ಸಲ ಅಕಿ ಕೈಯಾಗ ರಾಜರು ಇರ್ತಾರ."

ರಾಬಿನ್ ಮತ್ತೆ ದೂಡಿತು. ಒಮ್ಮೆ ಮೋಸಹೋದ ಓಕ್ ತಕ್ಷಣ ತನ್ನದನ್ನೂ ದೂಡಿದ. ಎಲೆಗಳು ತಿರುಗಿದವು. ರಾಬಿನ್ ಕೈಯಲ್ಲಿ ಜೋಡಿ ರಾಜರು. ನಾನು ಮತ್ತು ಇವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕುಣಿದೆವು. ಹೌದು, ಕುಣಿದೆವು, ನಮ್ಮ ವಯಸ್ಸಿನಲ್ಲಿ, ಹಗಲು ಹೊತ್ತಿನಲ್ಲಿ, ಪರದೆ ತೆರೆದಿದ್ದ ಕಿಟಕಿಯ ಮುಂದೆ. ಹೊರಗೆ ಹಿಮ ಗುಡಿಸುತ್ತಿದ್ದ ಪಕ್ಕದ ಮನೆಯವನು ಕೈ ಬೀಸಿದ. "ಇಷ್ಟು ಚೆನ್ನಾಗಿ ನನಗೆ ಯಾರೂ ಮೋಸ ಮಾಡಿರಲಿಲ್ಲ. ನೀವು ಯಾರೇ ಇರಲಿ, ನಿಮಗೆ ನಮಸ್ಕಾರ" ಎಂದು ಓಕ್ ಬರೆದ. ರಾಬಿನ್ ಅವತ್ತು ಬರೆದದ್ದು ಒಂದೇ ಮಾತು: "ಥ್ಯಾಂಕ್ಯೂ ಅಂಕಲ್." ಅಂಕಲ್ ಎಂದ ಮೇಲೆ ಅನುಮಾನವೇ ಉಳಿಯಲಿಲ್ಲ.

ಅಕ್ಕನ ಗೆಲುವು ನಮ್ಮ ಮನೆಯ ಗೆಲುವಾಯಿತು, ಪೂರ್ವಿಯ ಗೆಲುವಾಗಲಿಲ್ಲ. ಮಾರನೆಯ ದಿನ ಬ್ರೆಂಟ್ ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ, ನಾನು ಕೈ ತೆಗೆದ ಸಂದಿನಲ್ಲಿ ಹೇಳಿದ. ಮೊದಲ ದಿನ ಎಲ್ಲರ ಬಂಧುಬಳಗ ಬರುತ್ತದೆ, ಹೊಸ ಹೋಟೆಲಿಗೆ ಬಂದ ಹಾಗೆ. ಎರಡನೆಯ ವಾರ ಯಾರು ಬರುತ್ತಾರೆ ನೋಡಬೇಕು. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಎರಡನೆಯ ಭಾನುವಾರ ಅಕ್ಕನಿಗೆ ಬೋಲಿಂಗ್‌ಬ್ರೂಕ್‌ನಲ್ಲಿ ಯಾರದೋ ಗೃಹಪ್ರವೇಶ. ಗೆಳತಿಯರೂ ಅಲ್ಲೇ. ಪೂರ್ವಿ ಈ ಸಲ ಯಾರಿಗೂ ಫೋನು ಮಾಡಿರಲಿಲ್ಲ. ಮಾಡಬೇಡವೆಂದು ಅವಳೇ ತೀರ್ಮಾನಿಸಿದ್ದಳು. ನಾನು ಅವಳ ಆಫೀಸಿಗೆ ಹೋಗಿ ಪಕ್ಕದಲ್ಲಿ ಕೂತೆ. ಅವಳು ಉಗುರು ಕಚ್ಚುತ್ತಿದ್ದಳು. ಕಚ್ಚಬೇಡ, ಹಲ್ಲಿಗೆ ಒಳ್ಳೆಯದಲ್ಲ ಅಂದೆ. "ಅಮ್ಮಾ, ನಾಟ್ ನೌ" ಅಂದಳು.

ಮೂರಕ್ಕೆ ಮೊದಲೇ ಟೇಬಲ್ಲುಗಳು ತೆರೆಯತೊಡಗಿದವು. ಒಂದರ ಹಿಂದೆ ಒಂದು. ಹೋದ ವಾರಕ್ಕಿಂತ ಹೆಚ್ಚು. ಪೂರ್ವಿ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಬ್ರೆಂಟ್ ನಮ್ಮ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ. ಆಮೇಲೆ, "ಸೋಮವಾರದ ಸ್ಲಾಟ್ ಮೀಟಿಂಗ್ ಬೇಡ. ರೂಮು ಇರಲಿ, ತಂಡವೂ ಇರಲಿ" ಅಂದ. ಪೂರ್ವಿ ನನ್ನ ಭುಜಕ್ಕೆ ಮುಖ ಒತ್ತಿದಳು. ಚಿಕ್ಕವಳಿದ್ದಾಗ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಗೆದ್ದು ಬಂದು ಹೀಗೇ ಒತ್ತಿದ್ದಳು. ಒಂದು ತಕರಾರು ಮಾತ್ರ ನನ್ನಲ್ಲಿ ಇನ್ನೂ ಉಳಿದಿತ್ತು. ಜನ ಬಂದರು, ಸರಿ. ಸೋತವರು ಏನು ಮಾಡುತ್ತಾರೆ?

ನಾನು ನೋಡುತ್ತಿದ್ದ ಟೇಬಲ್ಲಿನಲ್ಲಿ 'ಬರ್ಚ್' ಎಂಬೊಬ್ಬರಿದ್ದರು. ಮಿಶಿಗನ್ನಿನ ಉತ್ತರದ ಕಾಡುಸೀಮೆಯವರಂತೆ, ಹೊಸಬರು, ಆಡುವ ರೀತಿ ನೋಡಿದರೆ ನನ್ನ ಕುಲದವರೇ. ಕೈಯಲ್ಲಿ ಏನೇನೂ ಇಲ್ಲದೆ, ಎದುರಿನವರು ಎಕ್ಕಗಳನ್ನು ಹಿಡಿದು ಕೂತಿರುವಾಗ, ತಮ್ಮದೆಲ್ಲವನ್ನೂ ದೂಡಿಬಿಟ್ಟರು. ಒಂದೇ ಏಟಿಗೆ ಎಲ್ಲ ಹೋಯಿತು. ಈಗ ಈ ಬರ್ಚ್ ನನ್ನ ಹಾಗೇ ಸದ್ದಿಲ್ಲದೆ ಎದ್ದು ಹೋಗುತ್ತಾರೆ, ಆಪ್ ತೆಗೆದುಹಾಕುತ್ತಾರೆ, ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ.

ಬರ್ಚ್ ಹೋಗಲಿಲ್ಲ. ಏನೋ ಬರೆಯುತ್ತಿದ್ದಾರೆ ಎಂದು ಚುಕ್ಕೆಗಳು ಓಡಾಡಿದವು. ಆಮೇಲೆ ಅಕ್ಷರಗಳು ಬಂದವು: "ನನ್ನ ಸುಳ್ಳನ್ನು ನಾನೇ ನಂಬಿರಲಿಲ್ಲ, ನೀವು ಹೇಗೆ ನಂಬುತ್ತೀರಿ! ಮುಂದಿನ ಭಾನುವಾರವೂ ಮೂರಕ್ಕೇನಾ?"

ಉತ್ತರ ಹೇಳಲು ಆ ಟೇಬಲ್ಲಿನವರೆಲ್ಲ ಒಟ್ಟಿಗೇ ಟೈಪು ಮಾಡತೊಡಗಿದರು.